ಥೈರಾಯ್ಡ್ ಗ್ರಾಹಕವನ್ನು ಪತ್ತೆಹಚ್ಚುವ ಪ್ರತಿಕಾಯ

ಥೈರಾಯ್ಡ್ ಹಾರ್ಮೋನು ಗ್ರಾಹಕವು ಜೀವಕೋಶದ ಕೇಂದ್ರದಲ್ಲಿರುವ ಒಂದು ಪ್ರೋಟೀನು. ಕತ್ತಿನ ಗ್ರಂಥಿಯಿಂದ ಹೊರಡುವ ಟಿ4 ಹಾರ್ಮೋನು ಅಂಗಾಂಶಗಳಲ್ಲಿ ಟಿ3 ಆಗಿ ಮಾರ್ಪಟ್ಟು ಈ ಗ್ರಾಹಕವನ್ನು ಸೇರಿದಾಗ, ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದು ನಿರ್ಧಾರವಾಗುತ್ತದೆ. ಇದರಲ್ಲಿ ಆಲ್ಫಾ, ಬೀಟಾ ಎಂಬ ಎರಡು ಮುಖ್ಯ ಬಗೆಗಳಿವೆ. ಹೃದಯ ಹಾಗೂ ಮೂಳೆಗಳಲ್ಲಿ ಆಲ್ಫಾ, ಯಕೃತ್ತಿನಲ್ಲಿ ಬೀಟಾ ಪ್ರಧಾನ. 1986ರಲ್ಲಿ ಎರಡು ಸಂಶೋಧನ ತಂಡಗಳು ಇವುಗಳ ಜೀನುಗಳನ್ನು ಗುರುತಿಸಿದವು.

ತಯಾರಿಕೆ ಮತ್ತು ಬಳಕೆ

ಗ್ರಾಹಕದ ಒಂದು ತುಣುಕನ್ನು ಮೊಲಕ್ಕೋ ಇಲಿಗೋ ಚುಚ್ಚಿದರೆ, ಪ್ರಾಣಿಯ ದೇಹವು ಅದನ್ನು ಪರಕೀಯವೆಂದು ಬಗೆದು ಪ್ರತಿಕಾಯವನ್ನು ತಯಾರಿಸುತ್ತದೆ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. 1984ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಪ್ರಯೋಗಾಲಯದಲ್ಲಿ ಅಂಗಾಂಶದ ಪ್ರೋಟೀನುಗಳನ್ನು ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ, ತೆಳುಪೊರೆಗೆ ವರ್ಗಾಯಿಸಿ, ಅದನ್ನು ಪ್ರತಿಕಾಯದ ದ್ರಾವಣದಲ್ಲಿ ನೆನೆಸುತ್ತಾರೆ. ಗ್ರಾಹಕವಿದ್ದಲ್ಲಿ ಪಟ್ಟೆಯೊಂದು ಮೂಡುತ್ತದೆ. ಬೀಟಾ-1ರ ತೂಕ ಸುಮಾರು 53 ಕಿಲೋಡಾಲ್ಟನ್, ಆಲ್ಫಾ-1ರದು ಸುಮಾರು 47.

ಎಚ್ಚರಿಕೆಯ ಅಗತ್ಯ

ಜೀವಕೋಶದಲ್ಲಿ ಈ ಗ್ರಾಹಕದ ಪ್ರಮಾಣ ಬಹು ಅಲ್ಪ. ಆದ್ದರಿಂದ ಪ್ರತಿಕಾಯವು ಬೇರೊಂದು ಪ್ರೋಟೀನಿಗೆ ಅಂಟಿದರೂ ಸುಳ್ಳು ಪಟ್ಟೆ ಕಾಣಿಸಬಹುದು. ಆ ಜೀನನ್ನೇ ತೆಗೆದ ಇಲಿಯ ಅಂಗಾಂಶದಲ್ಲಿ ಪಟ್ಟೆ ಮೂಡಬಾರದು ಎಂಬುದೇ ನಂಬಿಕೆಯ ಪರೀಕ್ಷೆ. ಈ ತೊಡಕಿನಿಂದಾಗಿಯೇ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಲಿಗಳ ಗ್ರಾಹಕಗಳಿಗೆ ಗುರುತಿನ ತುಣುಕೊಂದನ್ನು ಜೋಡಿಸಿ, ಆ ಗುರುತನ್ನೇ ಪ್ರತಿಕಾಯದಿಂದ ಹುಡುಕಿ ಅಳೆಯಲಾಯಿತು.

ಮಣಲಿಗೆ ಸಂಬಂಧವೇನು?

ಮಣಲಿಯ ತೈಲ ಶುದ್ಧೀಕರಣಾಗಾರವು 1969ರಲ್ಲಿ ಆರಂಭವಾಯಿತು. ರಸಗೊಬ್ಬರ, ಪೆಟ್ರೋರಾಸಾಯನಿಕ ಕಾರ್ಖಾನೆಗಳೂ ಅಲ್ಲಿ ಬೆಳೆದವು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮಣಲಿಗೆ 76.32 ಅಂಕ ನೀಡಿತು. 70 ಮೀರಿದರೆ ತೀವ್ರ ಮಲಿನ ಪ್ರದೇಶವೆಂದು ಲೆಕ್ಕ. ಪಿಸಿಬಿ ವರ್ಗದ ಕೆಲವು ಕೈಗಾರಿಕಾ ರಾಸಾಯನಿಕಗಳ ರಚನೆ ಥೈರಾಯ್ಡ್ ಹಾರ್ಮೋನನ್ನು ಹೋಲುತ್ತದೆ. ಅವು ಹಾರ್ಮೋನಿನ ಕೆಲಸಕ್ಕೆ ಅಡ್ಡಿಮಾಡಬಲ್ಲವು. ಮಾಲಿನ್ಯದ ಅಂಕವು ಯಾರದೇ ಥೈರಾಯ್ಡ್ ತೊಂದರೆಗೆ ಪುರಾವೆಯಲ್ಲ. ಅಂತಹ ಪುರಾವೆಗೆ ಜನರ ರಕ್ತಪರೀಕ್ಷೆಯೂ ಜೀವಕೋಶಗಳ ಅಧ್ಯಯನವೂ ಬೇಕು; ನಂಬಲರ್ಹ ಪ್ರತಿಕಾಯದ ಬೆಲೆ ಇಲ್ಲಿ ತಿಳಿಯುತ್ತದೆ.

ಓದುಗರ ಗಮನಕ್ಕೆ

ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವ 'ಆಂಟಿ-ಟಿಪಿಓ' ನಾವು ಮೇಲೆ ವಿವರಿಸಿದ ಪ್ರತಿಕಾಯವಲ್ಲ. ಅದು ರೋಗಿಯ ದೇಹವೇ ತನ್ನ ಗ್ರಂಥಿಯ ವಿರುದ್ಧ ತಯಾರಿಸಿದ್ದು. ಸಂಶೋಧನೆಯ ಪ್ರತಿಕಾಯವು ಕೇವಲ ಉಪಕರಣ. ಅದರಿಂದ ರೋಗನಿರ್ಣಯವನ್ನಾಗಲಿ ಚಿಕಿತ್ಸೆಯನ್ನಾಗಲಿ ಮಾಡುವುದಿಲ್ಲ. ಆಯಾಸ, ತೂಕದ ಏರಿಳಿತ, ಕತ್ತಿನ ಊತ ಕಂಡುಬಂದಲ್ಲಿ ವೈದ್ಯರ ಸಲಹೆಯಂತೆ ಟಿಎಸ್ಎಚ್ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ.