ಶಾಸ್ತ್ರದಾನವೂ ಕೃತಿಸ್ವಾಮ್ಯವೂ

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ, ಭದ್ರಾವತಿಯ ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಕಬ್ಬಿಣದ ಊರೆಂದು ಆಗಲೇ ಹೆಸರಾಗಿದ್ದ ಪಟ್ಟಣ ಆ ಬಳಿಕ ಕಾಗದದ ಊರೂ ಆಯಿತು. ಓಲೆಗರಿಯನ್ನು ಹದಗೊಳಿಸಿ, ಕಬ್ಬಿಣದ ಕಂಟದಿಂದ ಅಕ್ಷರ ಕೊರೆದು, ಮಸಿ ತೀಡಿ ಒಂದು ದೊಡ್ಡ ಗ್ರಂಥದ ಪ್ರತಿಯನ್ನು ಸಿದ್ಧಪಡಿಸಲು ತಿಂಗಳುಗಳೇ ಬೇಕಾಗುತ್ತಿದ್ದ ನಾಡಿನಲ್ಲಿ, ಮಲೆನಾಡಿನ ಬಿದಿರು ಕಾಗದವಾಗಿ ಟನ್ನುಗಟ್ಟಲೆ ಹೊರಬರತೊಡಗಿದ್ದು ಸಾಮಾನ್ಯ ಸಂಗತಿಯಲ್ಲ. ಪ್ರತಿಮಾಡುವುದು ಸುಲಭವಾದಷ್ಟೂ ಪ್ರತಿಮಾಡುವ ಹಕ್ಕು ಯಾರದೆಂಬ ಪ್ರಶ್ನೆ ಜಟಿಲವಾಗುತ್ತದೆ. ಬೌದ್ಧಿಕ ಸ್ವತ್ತಿನ ಕಾನೂನನ್ನು ಅಭ್ಯಸಿಸುವವರು ಇಂದು ಚರ್ಚಿಸುತ್ತಿರುವ ಈ ಪ್ರಶ್ನೆಯನ್ನು ಜೈನ ಸಮಾಜ ಬೇರೊಂದು ರೂಪದಲ್ಲಿ ಹಿಂದೆಯೇ ಎದುರಿಸಿದೆ.

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಸಂಗತಿ ಸರ್ವವಿದಿತ. ಅಲ್ಲಿ ಪ್ರತಿಮಾಡಿಸಿದ್ದು ಪುಣ್ಯಕಾರ್ಯವೆನಿಸಿತೇ ಹೊರತು ಅಪಹರಣವೆನಿಸಲಿಲ್ಲ. ಲೇಖಕನಿಗೆ ಇಂತಿಷ್ಟು ವರ್ಷಗಳವರೆಗೆ ಮುದ್ರಣದ ಹಕ್ಕು ಎಂಬ ಶಾಸನ ಇಂಗ್ಲೆಂಡಿನಲ್ಲಿ ಜಾರಿಗೆ ಬಂದದ್ದು 1710ರಲ್ಲಿ; ಅತ್ತಿಮಬ್ಬೆಯ ಏಳು ಶತಮಾನಗಳ ತರುವಾಯ.

ಆದರೆ ನಮ್ಮ ಪರಂಪರೆಯಲ್ಲಿ ಎಲ್ಲ ಗ್ರಂಥಗಳೂ ಎಲ್ಲರಿಗೂ ತೆರೆದಿದ್ದವೆಂದು ಹೇಳಲಾಗದು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿದ್ದ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ಹಳಗನ್ನಡ ಲಿಪಿಯ ಓಲೆಪ್ರತಿಗಳು ಶತಮಾನಗಳ ಕಾಲ ಯಾತ್ರಿಕರ ದರ್ಶನಕ್ಕೆ ದೊರೆತವು, ಓದಿಗೆ ದೊರೆಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ಆರಂಭವಾಯಿತು. ಪ್ರತಿ ಮಾತ್ರ ಹೊರಗೆ ಹೋಗಕೂಡದೆಂಬ ಕಟ್ಟಳೆಯಿತ್ತು. ಪ್ರತಿಕಾರರಾದ ಗಜಪತಿ ಶಾಸ್ತ್ರಿಗಳು ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿದರು. ಅದು ಉತ್ತರದ ಸಹಾರನಪುರವನ್ನು ಸೇರಿತು. ಆ ಮೂಲದಿಂದ ಹರಡಿದ ಪ್ರತಿಗಳ ಆಧಾರದ ಮೇಲೆ ಡಾ. ಹೀರಾಲಾಲ ಜೈನರು 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಪ್ರಕಟಿಸಿದರು. ಮುಂದೆ ಮೂಡಬಿದಿರೆಯವರೇ ಮೂಲಪ್ರತಿಯೊಡನೆ ಪಾಠವನ್ನು ಹೋಲಿಸಲು ಸಹಕರಿಸಿದರೆಂಬುದನ್ನು ಗೌರವದಿಂದ ನೆನೆಯಬೇಕು.

ಶಾಸ್ತ್ರಿಗಳದು ಅದತ್ತಾದಾನವೇ? ಕೊಟ್ಟ ಮಾತನ್ನು ಮೀರಿ, ಕೊಡದುದನ್ನು ಒಯ್ದದ್ದರಿಂದ ಅಚೌರ್ಯವ್ರತದ ದೃಷ್ಟಿಯಲ್ಲಿ ಅದು ದೋಷವೇ ಸರಿ. ಫಲ ಒಳ್ಳೆಯದಾಯಿತೆಂದು ಕೃತ್ಯ ನಿರ್ದೋಷವಾಗದು. ಆದರೆ ತತ್ತ್ವಾರ್ಥಸೂತ್ರವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಹೇಳುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯ, ಅಂತರಾಯಗಳೂ ಸೇರಿವೆ: ತಿಳಿದುದನ್ನು ಮುಚ್ಚಿಡುವುದು, ಅರ್ಹನಿಗೂ ಕಲಿಸದಿರುವುದು, ಜ್ಞಾನಾರ್ಜನೆಗೆ ಅಡ್ಡಿಯಾಗುವುದು. ಎಂದರೆ ಒಯ್ಯುವವನಿಗೆ ಒಂದು ವ್ರತ, ಇಟ್ಟುಕೊಂಡವನಿಗೆ ಇನ್ನೊಂದು ಎಚ್ಚರಿಕೆ. ಅಚೌರ್ಯವನ್ನು ಉಪದೇಶಿಸುವವರು ಈ ಎರಡನೆಯದನ್ನು ಮರೆಯುವುದು ಹೆಚ್ಚು.

ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿಯೂ ಇಂತಹ ಎರಡು ಮುಖಗಳಿವೆ. ಲೇಖಕನ ಜೀವಿತಕಾಲ ಹಾಗೂ ಆತನ ನಿಧನಾನಂತರದ 50 ವರ್ಷಗಳಷ್ಟಿದ್ದ ಹಕ್ಕಿನ ಅವಧಿಯನ್ನು, ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ತೀರುವ ಹೊತ್ತಿಗೆ, 60 ವರ್ಷಗಳಿಗೆ ವಿಸ್ತರಿಸಲಾಯಿತು. ಶಿವಮೊಗ್ಗ ಜಿಲ್ಲೆಯ ಹಿರಿಮೆಯಾದ ಕುವೆಂಪು 1994ರಲ್ಲಿ ನಿಧನರಾದರು. ಅವರ ಕೃತಿಗಳ ಸ್ವಾಮ್ಯ 2054ರ ಕೊನೆಯವರೆಗೆ ಉಳಿಯುತ್ತದೆ. ಅದೇ ಜಿಲ್ಲೆಯ ಹೊಂಬುಜದಲ್ಲಿ, ಪಂಚಬಸದಿಯನ್ನು ಕಟ್ಟಿಸಿದ ಚಟ್ಟಲದೇವಿಯ 1077ರ ಶಾಸನಕ್ಕೆ ಅಂತಹ ಒಡೆತನವಿಲ್ಲ, ಅದನ್ನೊಳಗೊಂಡ ಬಿ.ಎಲ್. ರೈಸರ 1904ರ ಸಂಪುಟವನ್ನೂ ಇಂದು ಯಾರು ಬೇಕಾದರೂ ಅಚ್ಚು ಹಾಕಬಹುದು.

ತೊಡಕು ಇರುವುದು ಇವೆರಡರ ನಡುವೆ. ವಡ್ಡಾರಾಧನೆಯ ಕಥೆಗಳು ಸಾವಿರ ವರ್ಷ ಹಳೆಯವು; ಅವು ಯಾರ ಸ್ವತ್ತೂ ಅಲ್ಲ. ಆದರೆ 1949ರಲ್ಲಿ ಅದನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ಯರು 1971ರಲ್ಲಿ ತೀರಿಕೊಂಡರು. ಅವರ ಪೀಠಿಕೆ, ಟಿಪ್ಪಣಿಗಳ ಸ್ವಾಮ್ಯ 2031ರ ಕೊನೆಯವರೆಗೆ ಇದೆ. ಪಾಠಾಂತರಗಳನ್ನು ತೂಗಿ ನೋಡಿ ನಿರ್ಣಯಿಸಿದ ಮೂಲಪಾಠಕ್ಕೂ ಈ ರಕ್ಷಣೆಯುಂಟೇ? ಸರ್ವೋಚ್ಚ ನ್ಯಾಯಾಲಯವು ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ, 2007ರ ಡಿಸೆಂಬರಿನಲ್ಲಿ, ಬರಿಯ ಶ್ರಮ ಸಾಲದು, ಸ್ವಲ್ಪವಾದರೂ ಸ್ವಂತ ವಿವೇಚನೆ ಕಾಣಬೇಕೆಂದು ಹೇಳಿತು. ಅದು ನ್ಯಾಯಾಲಯದ ತೀರ್ಪುಗಳ ಸಂಪಾದನೆಯ ವಿಷಯ. ಪ್ರಾಚೀನ ಗ್ರಂಥಗಳಿಗೆ ಅದನ್ನು ಎಲ್ಲಿಯವರೆಗೆ ಅನ್ವಯಿಸಬಹುದೆಂಬುದು ವಿದ್ವಾಂಸರ ವಾದಕ್ಕೆ ಬಿಟ್ಟದ್ದು. ಒಂದು ಪಾಠವನ್ನು ನಿಶ್ಚಯಿಸಲು ಸಂಪಾದಕನಿಗೆ ಬೇಕಾಗುವ ವಿವೇಚನೆಯನ್ನು ಬಲ್ಲವರು ಅದನ್ನು ಬರಿಯ ಶ್ರಮವೆನ್ನಲಾರರು.

ಶಿವಮೊಗ್ಗ, ಭದ್ರಾವತಿಗಳ ವರ್ತಕ ಕುಟುಂಬಗಳಿಗೆ ಅಚೌರ್ಯದ ಅತಿಚಾರಗಳು ಪರಿಚಿತ. ಅವುಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು: ಅಸಲಿನಂತೆ ತೋರುವ ನಕಲನ್ನು ಅಸಲೆಂದು ಮಾರುವುದು. ಇಂದಿನ ವಾಣಿಜ್ಯಮುದ್ರೆಯ ಕಾನೂನು ತಡೆಯುವುದೂ ಇದನ್ನೇ. ಅಂಗಡಿಯಲ್ಲಿ ಈ ವ್ರತವನ್ನು ಪಾಲಿಸುವ ಶ್ರಾವಕರೇ, ಬದುಕಿರುವ ಲೇಖಕರ ಅನುವಾದವನ್ನು ಕೇಳದೆಯೇ ಅಚ್ಚುಹಾಕಿಸಿ, ಹೆಸರನ್ನೂ ಬಿಟ್ಟು, ಪರ್ಯೂಷಣದಲ್ಲಿ ಉಚಿತವಾಗಿ ಹಂಚಿದರೆ ಅದನ್ನು ಶಾಸ್ತ್ರದಾನವೆಂದು ಕರೆಯುವುದು ಹೇಗೆ? ತನ್ನದಲ್ಲದುದನ್ನು ದಾನಮಾಡಲು ಬರುವುದಿಲ್ಲ.

ಇನ್ನೊಂದು ಪಕ್ಷವೂ ಇದೆ. ದೆಹಲಿ ವಿಶ್ವವಿದ್ಯಾಲಯದ ಪಾಠಸಂಚಯಗಳ ಜೆರಾಕ್ಸ್ ಪ್ರತಿಗಳ ಬಗೆಗೆ ವಿದೇಶೀ ಪ್ರಕಾಶಕರು ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ, ಬೋಧನೆಗೆ ಅವಶ್ಯವಾದ ಪ್ರತಿಗಳಿಗೆ ಅಧಿನಿಯಮವೇ ಎಡೆಮಾಡಿದೆಯೆಂಬ ನಿಲುವನ್ನು ತಳೆಯಿತು. ತನ್ನಲ್ಲಿರುವ ಪುಸ್ತಕವನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಸಂಗ್ರಹಿಸಿಡಲು ಲಾಭೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ 2012ರ ತಿದ್ದುಪಡಿ ಅವಕಾಶ ನೀಡಿದೆ. ಈಗ ಓದುಗನೇ ಮನುಷ್ಯನಾಗಿರಬೇಕಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ತನ್ನ ಬರಹಗಳನ್ನು ಅಪ್ಪಣೆಯಿಲ್ಲದೆ ಉಣಿಸಲಾಗಿದೆಯೆಂದು ಸುದ್ದಿಸಂಸ್ಥೆಯಾದ ಎ.ಎನ್.ಐ. 2024ರಲ್ಲಿ ಓಪನ್‌ಎಐ ಸಂಸ್ಥೆಯ ವಿರುದ್ಧ ಅದೇ ಹೈಕೋರ್ಟಿನ ಮೊರೆಹೊಕ್ಕಿತು.

ಭದ್ರಾವತಿಯ ಕಾಗದದ ಯಂತ್ರಗಳು ಕಳೆದ ದಶಕದಲ್ಲಿ ನಿಂತುಹೋದವು. ಹಳೆಯ ಪುಸ್ತಕಗಳು ಬಸದಿಗಳ ಕಪಾಟುಗಳಲ್ಲಿ ಹಳದಿಗಟ್ಟುತ್ತಿವೆ. ಬಾಗಿಲು ತೆರೆಯದ ಕಪಾಟನ್ನು ಕಾನೂನು ಸಾರ್ವಜನಿಕ ಗ್ರಂಥಾಲಯವೆಂದು ಒಪ್ಪುವುದು ಕಷ್ಟ. ಒಂದು ವಹಿಯಲ್ಲಿ ಪ್ರತಿ ಗ್ರಂಥದ ಎದುರು ಸಂಪಾದಕರ ಹೆಸರು, ಪ್ರಕಟಣೆಯ ವರ್ಷ, ಅವರು ತೀರಿಕೊಂಡಿದ್ದರೆ ಆ ವರ್ಷವನ್ನು ಬರೆದಿಡುವುದು ಯಾವ ಟ್ರಸ್ಟಿಗೂ ದೊಡ್ಡ ಖರ್ಚಿನ ಕೆಲಸವಲ್ಲ. ಯಾವುದನ್ನು ಇಂದೇ ಹಂಚಬಹುದು, ಯಾವುದಕ್ಕೆ ಒಂದು ಕಾಗದ ಬರೆದು ಅನುಮತಿ ಕೇಳಬೇಕು ಎಂಬುದು ಆ ವಹಿಯಿಂದಲೇ ತಿಳಿಯುತ್ತದೆ.