ಸೊಲ್ಲಾಪುರ-ಅಕ್ಕಲಕೋಟೆ ಸೀಮೆಯ ಶಿಶುಶಾಲೆ : ಒಳಗಿನ ಆಟವೂ ಅಂಗಳದ ಆಟವೂ

ನಮ್ಮ ಗಡಿಸೀಮೆಯ ಶಿಕ್ಷಣದ ಇತಿಹಾಸವನ್ನು ಬರೆಯಹೊರಟವರು ಪ್ರಾಯಶಃ ಎಲ್ಲರೂ ಒಂದನೆಯ ಇಯತ್ತೆಯ ಹಾಜರಿ ಪುಸ್ತಕದಿಂದಲೇ ಆರಂಭಿಸುತ್ತಾರೆ. ಸಾಲೆ ಎಂದು ತೆರೆಯಿತು, ಮಾಧ್ಯಮವಾವುದು, ಮಾಸ್ತರರೆಷ್ಟು ಜನ, ಕಟ್ಟಡ ಯಾರ ದಾನ ಎಂಬಿವೇ ಅಲ್ಲಿಯ ವಿಷಯಗಳು. ಮಗುವಿನ ಹೆಸರು ಆ ಪುಸ್ತಕವನ್ನು ಸೇರುವುದಕ್ಕೆ ಮುಂಚಿನ ಮೂರು ವರ್ಷಗಳಲ್ಲಿ ಅದು ಏನನ್ನು ಕಲಿಯಿತು, ಎಲ್ಲಿ ಕಲಿಯಿತು, ಯಾವ ನುಡಿಯಲ್ಲಿ ಆಡಿ ಕಲಿಯಿತು ಎಂಬುದು ಕಾಗದಕ್ಕೆ ಇಳಿದುದು ತೀರ ಕಡಿಮೆ. ಆದರೆ ಭಾಷೆಯ ಪ್ರಶ್ನೆಯಾಗಲಿ ಲೆಕ್ಕದ ಪ್ರಶ್ನೆಯಾಗಲಿ ಬಹುಮಟ್ಟಿಗೆ ತೀರ್ಮಾನವಾಗುವುದು ಆ ಮೂರು ವರ್ಷಗಳಲ್ಲಿಯೇ. ಆದ್ದರಿಂದ ಈ ಲೇಖನದಲ್ಲಿ ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಸುತ್ತಿನ ಶಿಶುಶಿಕ್ಷಣದ ಕಥೆಯನ್ನು ಆಟದ ಕಡೆಯಿಂದ ನೋಡುವ ಪ್ರಯತ್ನ ಮಾಡಿದೆ.

ಆಟವೇ ಪಾಠವೆಂಬ ಮಾತನ್ನು ಪದ್ಧತಿಯಾಗಿ ಕಟ್ಟಿದವನು ಜರ್ಮನಿಯ ಫ್ರೋಬೆಲ್. 1837ರಲ್ಲಿ ಬ್ಲಾಂಕೆನ್‌ಬುರ್ಗದಲ್ಲಿ ಅವನು ತೆರೆದ ಸಂಸ್ಥೆಗೆ 1840ರಲ್ಲಿ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂಬ ಹೆಸರು ಬಂದಿತು. ಅವನು ಮಕ್ಕಳ ಕೈಗೆ ಕೊಟ್ಟ ಸಾಮಾನುಗಳನ್ನು 'ಕಾಣಿಕೆ'ಗಳೆಂದು ಕರೆದನು. ಮೊದಲನೆಯ ಕಾಣಿಕೆ ಉಣ್ಣೆಯ ಆರು ಬಣ್ಣದ ಚೆಂಡುಗಳು. ಎರಡನೆಯದು ಕಟ್ಟಿಗೆಯ ಗುಂಡು, ಘನ ಮತ್ತು ಸಿಲಿಂಡರು. ಘನವನ್ನು ದಾರಕ್ಕೆ ಕಟ್ಟಿ ಗರಗರ ತಿರುಗಿಸಿದರೆ ಅದು ಸಿಲಿಂಡರಾಗಿ ತೋರುತ್ತದೆ. ಎಂಟನೆಯ ಇಯತ್ತೆಗೆ ಬಂದ ನಮ್ಮ ಹುಡುಗರು ಸಿಲಿಂಡರಿನ ಘನಫಲದ ಸೂತ್ರವನ್ನು ತಪ್ಪಿಲ್ಲದೆ ಹೇಳುವರು. ಆದರೆ ತಿರುಗುವ ಬುಗುರಿಯಲ್ಲಿ ಮೂಲೆಗಳು ಮಾಯವಾಗುವುದು ಏಕೆಂದು ಕೇಳಿದರೆ ಸುಮ್ಮನೆ ನಿಲ್ಲುವರು. ಫ್ರೋಬೆಲನು ಇದನ್ನು ನಾಲ್ಕು ವರ್ಷದ ಮಗುವಿಗೆ ಒಂದು ಮಾತಿಲ್ಲದೆ ತೋರಿಸುತ್ತಿದ್ದನು. 1851ರಲ್ಲಿ ಪ್ರಷ್ಯಾದ ಸರಕಾರವು ಈ ಮಕ್ಕಳ ತೋಟಗಳನ್ನು ನಿಷೇಧಿಸಿತು; 1860ರಲ್ಲಿ ನಿಷೇಧ ಹೋದಾಗ ಫ್ರೋಬೆಲನು ತೀರಿ ಎಂಟು ವರ್ಷವಾಗಿತ್ತು. ಮಕ್ಕಳ ಚೆಂಡಿಗೆ ಹೆದರಿದ ಸರಕಾರವನ್ನು ಕಂಡು ನಗಬಹುದು. ಆದರೆ ಆಟಕ್ಕೆ ಹೆದರುವ ಪಾಲಕರು ಇಂದಿಗೂ ಪ್ರತಿ ಓಣಿಯಲ್ಲಿ ಇದ್ದಾರೆ.

ಈ ಪದ್ಧತಿ ನಮ್ಮ ಸೊಲ್ಲಾಪುರಕ್ಕೆ ಬಂದದ್ದು ಅಮೇರಿಕನ್ ಮರಾಠಿ ಮಿಷನ್ನಿನ ಮುಖಾಂತರ. 1813ರಲ್ಲಿ ಮುಂಬಯಿಯಲ್ಲಿ ಕೆಲಸ ತೊಡಗಿದ ಈ ಮಿಷನ್ನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೊಲ್ಲಾಪುರದಲ್ಲಿ ನೆಲೆಯೂರಿತು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಇಲ್ಲಿ ನಡೆದ ಕಿಂಡರ್‌ಗಾರ್ಟನ್ನಿಗೂ, ಅದಕ್ಕೆ ಶಿಕ್ಷಕಿಯರನ್ನು ತಯಾರಿಸಿದ ತರಬೇತಿ ವರ್ಗಕ್ಕೂ ಮಿಸ್ ಮೇರಿ ಹಾರ್ಡಿಂಗ್ ಅವರ ಹೆಸರು ಅಂಟಿಕೊಂಡಿದೆ. ಕೂಸುಗಳಿಗೆ ಕಲಿಸುವುದಕ್ಕೂ ಒಂದು ಶಾಸ್ತ್ರವುಂಟು, ಅದನ್ನು ಕಲಿತ ಹೆಂಗಸು ಬೇಕು ಎಂಬ ತಿಳಿವಳಿಕೆ ಗಿರಣಿಯ ಈ ಊರಿಗೆ ಅಷ್ಟು ಮುಂಚೆ ಬಂದಿತ್ತು. ಮಿಷನ್ನಿನ ಉದ್ದೇಶವೇನೇ ಇರಲಿ, ಶಿಕ್ಷಕರಾದ ನಾವು ಈ ಮೊದಲಿಗತನವನ್ನು ಒಪ್ಪಲೇಬೇಕು. ಆದರೆ ಅಲ್ಲಿಯ ನುಡಿ ಮರಾಠಿ. ಓಣಿಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡುತ್ತಿದ್ದ ಮಗು ಒಳಗೆ ಬಂದೊಡನೆ ಚೆಂಡಿನ ಬಣ್ಣದ ಹೆಸರನ್ನು ಇನ್ನೊಂದು ಮಾತಿನಲ್ಲಿ ಕೇಳಿತು. ಮೊದಲ ಹೆಜ್ಜೆಯಲ್ಲಿಯೇ ಒಳಗಿನ ಆಟವು ಪರಭಾಷೆಯದೂ ಹೊರಗಿನ ಆಟವು ಮನೆಮಾತಿನದೂ ಆಗಿ ಬೇರ್ಪಟ್ಟವು. ಈ ಬಿರುಕು ಮುಂದೆ ಹಲವು ರೂಪದಲ್ಲಿ ಕಾಣಸಿಗುತ್ತದೆ.

ಇನ್ನು ಗಿರಣಿಗಳು. 1877ರಲ್ಲಿ ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ ಆರಂಭವಾಯಿತು. ಜನರು ಅದನ್ನು ಕಡೆಯವರೆಗೂ ಜುನೀ ಮಿಲ್ ಎಂದೇ ಕರೆದರು. ತಾಯಂದಿರು ಭೋಂಗಾ ಕೂಗಿದೊಡನೆ ಹೋಗುತ್ತಿದ್ದರು. ಕೂಸು ಎಲ್ಲಿರಬೇಕು? ಮುಂಬಯಿ ಇಲಾಖೆಯ ಗಿರಣಿಯ ಊರುಗಳಲ್ಲಿ ಬಾಳಗೋಳಿ ಎಂಬ ಅಫೀಮಿನ ಗುಳಿಗೆಯನ್ನು ನುಂಗಿಸಿ ಕೂಸನ್ನು ಮಲಗಿಸಿ ಹೋಗುವ ಕ್ರೂರ ರೂಢಿಯಿತ್ತು. ಆ ತಾಯಂದಿರನ್ನು ಬೈದು ಪ್ರಯೋಜನವಿಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ಆಡಬೇಕಾದ ವಯಸ್ಸಿನ ಮಗುವಿಗೆ ಆಟದ ಬದಲು ನಿದ್ದೆಯನ್ನು ಕೊಟ್ಟದ್ದು ಇದರ ಫಲಿತಾರ್ಥ. 1948ರ ಫ್ಯಾಕ್ಟರಿ ಕಾಯದೆಯು ಐವತ್ತಕ್ಕಿಂತ ಹೆಚ್ಚು ಸ್ತ್ರೀಕಾರ್ಮಿಕರಿರುವ ಕಾರಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಗೃಹವಿರಬೇಕೆಂದು ವಿಧಿಸಿತು. 1976ರ ತಿದ್ದುಪಡಿಯಿಂದ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು. ಆದರೆ ಕಾಯದೆಗೆ ಸಿಕ್ಕುವವರು ಕಾರಖಾನೆಯವರು. ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವ ತಾಯಿಯ ಮಗುವಿಗೆ ಮೊರವೇ ಆಟದ ಸಾಮಾನು, ತಂಬಾಕದ ಧೂಳೇ ಗಾಳಿ. ಸೊಲ್ಲಾಪುರದಲ್ಲಿ ಅಂಥ ಮನೆಗಳು ಇಂದಿಗೂ ಅಸಂಖ್ಯಾತ.

ಸೊಲ್ಲಾಪುರದ ವಸಾಹತನ್ನೂ ಇಲ್ಲಿ ನೆನೆಯಬೇಕು. ಬ್ರಿಟಿಷರು ಕೆಲವು ಜಾತಿಗಳವರನ್ನು ಹುಟ್ಟು ಅಪರಾಧಿಗಳೆಂದು ಹೆಸರಿಟ್ಟು ತಂತಿಬೇಲಿಯೊಳಗೆ ಇಟ್ಟಿದ್ದರು. ಆ ಕಾಯದೆ 1952ರಲ್ಲಿ ರದ್ದಾಯಿತು. ಬೇಲಿಯ ಒಳಗೆ ಹುಟ್ಟಿದ ಮಗುವಿಗೆ ಬಯಲಿನ ಆಟವೆಂದರೆ ಬೇಲಿ ಮುಟ್ಟುವವರೆಗಿನ ಓಟ. ಬಯಲಾಟದ ಮಹತ್ವವನ್ನು ಕುರಿತು ಬರೆಯುವವರು ಈ ಮಕ್ಕಳನ್ನು ಮರೆಯಬಾರದು.

ಮದ್ದು ಬಂದದ್ದು ವಿದೇಶದಿಂದಲ್ಲ, ನಮ್ಮ ಪಕ್ಕದಿಂದಲೇ. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆಯನ್ನು ತೆರೆದ ಮಾರಿಯಾ ಮಾಂಟೆಸೋರಿಯವರ ವಿಚಾರಗಳನ್ನು ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದ ಬಾಲಮಂದಿರದಲ್ಲಿ ನೆಲಕ್ಕಿಳಿಸಿದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು 1945ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ ಗ್ರಾಮ ಬಾಲಶಿಕ್ಷಣ ಕೇಂದ್ರವನ್ನು ತೊಡಗಿದರು. ಬಡವರ ಮಕ್ಕಳು ಬಾಲವಾಡಿಗೆ ಬರದಿದ್ದುದನ್ನು ಕಂಡು ಬಾಲವಾಡಿಯೇ ಅವರ ಅಂಗಳಕ್ಕೆ ಹೋಗಬೇಕೆಂದು ತಾರಾಬಾಯಿಯವರು ನಿಶ್ಚಯಿಸಿದರು. ಅಂಗನವಾಡಿ ಎಂಬ ಮಾತಿನ ಬೇರು ಅಲ್ಲಿದೆ. ಬೆಲೆಬಾಳುವ ಮಾಂಟೆಸೋರಿ ಸಾಮಾನುಗಳ ಬದಲು ಬೀಜ, ಚಿಪ್ಪು, ಎಲೆ, ಕಲ್ಲುಗಳನ್ನು ಬಳಸಿದರು. 1957ರಲ್ಲಿ ಕೇಂದ್ರವು ಕೋಸಬಾಡಕ್ಕೆ ಹೋದ ಮೇಲೆ ದನ ಕಾಯುವ ಮಕ್ಕಳಿಗಾಗಿ ಹುಲ್ಲುಗಾವಲಿನ ಶಾಲೆಯನ್ನೇ ನಡೆಸಿದರು. ಶಿಷ್ಯೆ ಅನುತಾಯಿ ವಾಘರು ಅದನ್ನು ಮುಂದುವರಿಸಿದರು. 1975ರ ಅಕ್ಟೋಬರ್ 2ರಂದು ಕೇಂದ್ರ ಸರಕಾರವು ಸಮಗ್ರ ಶಿಶುವಿಕಾಸ ಯೋಜನೆಯನ್ನು 33 ಘಟಕಗಳಲ್ಲಿ ತೊಡಗಿದಾಗ ಕೇಂದ್ರಗಳಿಗೆ ಇಟ್ಟದ್ದು ಅಂಗನವಾಡಿಯೆಂಬ ಹೆಸರನ್ನೇ. ಹೆಸರಿನೊಡನೆ ಬರಬೇಕಾಗಿದ್ದ ಅಂಗಳ ಮಾತ್ರ ಎಲ್ಲ ಕಡೆಗೂ ಬರಲಿಲ್ಲ. ಒಂದು ಕೋಣೆ, ಒಂದು ಒಲೆ, ಗೋಡೆಯ ಮೇಲೆ ಒಂದು ತಕ್ತೆ, ಇಷ್ಟರಲ್ಲಿಯೇ ಬಹಳ ಕಡೆ ಕೆಲಸ ಸಾಗಿದೆ.

ಹಾಗಾದರೆ ಇವೆಲ್ಲ ಬರುವುದಕ್ಕೆ ಮುಂಚೆ ನಮ್ಮಲ್ಲಿ ಶಿಶುಶಾಲೆ ಇರಲಿಲ್ಲವೆ? ಇತ್ತು ಎಂದು ನಾನು ಹೇಳುತ್ತೇನೆ. ಅದಕ್ಕೆ ಕಟ್ಟಡವಿರಲಿಲ್ಲ, ಹೆಸರು ಮಾತ್ರ ಇತ್ತು: 'ಆಟಕ್ಕುಂಟು ಲೆಕ್ಕಕ್ಕಿಲ್ಲ'. ಇಂದು ಈ ಮಾತನ್ನು ಹೀಯಾಳಿಕೆಗೆ ಬಳಸುತ್ತೇವೆ. ಮೂಲದಲ್ಲಿ ಅದು ಮಕ್ಕಳ ಪಂಚಾಯತಿಯು ಕೂಸಿಗೆ ಕೊಟ್ಟ ಸನದು. ದೊಡ್ಡ ಹುಡುಗರು ಲಗೋರಿ ಆಡುವಾಗ ಮೂರು ವರ್ಷದ ತಮ್ಮನನ್ನು ಓಡಿಸುವುದಿಲ್ಲ. ಓಡಲಿ, ಚೆಂಡು ತರಲಿ, ಔಟಾದರೂ ಔಟಲ್ಲ. ಮರಾಠಿ ಮಕ್ಕಳು ಅಂಥವನನ್ನು 'ಲಿಂಬೂ-ಟಿಂಬೂ' ಎನ್ನುತ್ತಾರೆ. ಒಂದೆರಡು ವರ್ಷದಲ್ಲಿ ನಿಯಮಗಳೆಲ್ಲ ಅವನಿಗೆ ತಾವಾಗಿ ಬಂದು, ಒಂದು ದಿನ ಅವನೇ ಹಟ ಹಿಡಿದು ಲೆಕ್ಕಕ್ಕೆ ಸೇರುತ್ತಾನೆ. ಸೋಲಿನ ಭಯವಿಲ್ಲದ ಕಲಿಕೆ ಇದಕ್ಕಿಂತ ಚೆನ್ನಾಗಿ ಇನ್ನೆಲ್ಲಿಯೂ ಏರ್ಪಟ್ಟದ್ದನ್ನು ನಾನು ಕಾಣೆ. ಮಾಂಟೆಸೋರಿಯವರೂ ಮೂರರಿಂದ ಆರರವರೆಗಿನ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂಡಿಸಿದ್ದರು. ಚಿಕ್ಕದು ದೊಡ್ಡದನ್ನು ನೋಡಿ ಕಲಿಯಲೆಂದು. ನಮ್ಮ ಪಟ್ಟಣಗಳ ಹೊಸ ನರ್ಸರಿಗಳು ಮೂರು ವರ್ಷದವರನ್ನು ಒಂದು ಕಡೆ, ನಾಲ್ಕರವರನ್ನು ಮತ್ತೊಂದು ಕಡೆ ಬೆಂಚಿನ ಮೇಲೆ ಸಾಲಾಗಿ ಕೂಡ್ರಿಸಿ, ಇನ್ನೂ ಬಲಿಯದ ಬೆರಳುಗಳಿಗೆ ಪೆನ್ಸಿಲು ಕೊಡುತ್ತವೆ. ಇದು ಪ್ರಗತಿಯೆಂದು ಯಾರು ಹೇಳಿದರೋ ತಿಳಿಯದು.

ಒಳಗಿನ ಆಟಗಳನ್ನು ನೋಡಿರಿ. ಚೌಕಾಬಾರಕ್ಕೆ ಬೇಕಾದುದು ಸುಣ್ಣದಲ್ಲಿ ಬರೆದ ಐದೈದು ಮನೆಯ ಚೌಕ, ನಾಲ್ಕು ಕವಡೆ. ಕವಡೆಯಿಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಎಣಿಕೆ, ನಾಲ್ಕೂ ಬೋರಲಾದರೆ ಎಂಟು. ಐದು ವರ್ಷದ ಹುಡುಗಿ ಬೆರಳು ಮಡಿಸದೆ ಕಣ್ಣಿನಿಂದಲೇ ಎಣಿಸಿ ಕಾಯಿ ನಡೆಸುತ್ತಾಳೆ. ಅಳಗುಳಿಮಣೆಯ ಏಳೇಳು ಗುಣಿಗಳಲ್ಲಿ ಗುಲಗಂಜಿ ಹಂಚುತ್ತ ಹೋಗುವುದು ಭಾಗಾಕಾರವಲ್ಲದೆ ಮತ್ತೇನು? ಇನ್ನು ಅಂಗಳಕ್ಕೆ ಬಂದರೆ, ನಮ್ಮ ಪಂಚಾಂಗವೇ ಒಂದು ವೇಳಾಪತ್ರಕ. ಕಾರಹುಣ್ಣಿಮೆಯ ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಅಕ್ಕಲಕೋಟೆಯ ಹಳ್ಳಿಗಳ ಎರೆಮಣ್ಣು ಮಕ್ಕಳ ಕೈಗೆ ಬರುತ್ತದೆ. ಮಣ್ಣು ಹೆಚ್ಚು ಹಸಿಯಾದರೆ ಎತ್ತು ಕುಸಿಯುತ್ತದೆ, ಒಣಗಿದರೆ ಸೀಳುತ್ತದೆ. ಕಾಲು ಸಣ್ಣಗಾದರೆ ಹಿಣಿಲಿನ ಭಾರಕ್ಕೆ ಮುಗ್ಗರಿಸುತ್ತದೆ. ಜೋಳದ ಕಾಳಿನ ಕಣ್ಣು ಇಟ್ಟ ಮೇಲೆಯೇ ಅದು ಎತ್ತು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳಿಗೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ಜೋಕಾಲಿ. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡೆಯ ಜಾತ್ರೆ ಮುಗಿದ ವಾರವೆಲ್ಲ ಓಣಿಯ ಹುಡುಗರು ಕೋಲಿಗೆ ಅರಿವೆ ಸುತ್ತಿ ನಂದಿಕೋಲು ಹೊತ್ತು ಮೆರೆಯುವುದನ್ನು ಯಾರೂ ನೋಡಬಹುದು. ಎತ್ತರದ ಕೋಲನ್ನು ನೆಟ್ಟಗೆ ಹಿಡಿದು ನಡೆಯುವುದಕ್ಕೆ ಯಾವ ವ್ಯಾಯಾಮ ಶಿಕ್ಷಕನೂ ಅವರಿಗೆ ಕಲಿಸಿಲ್ಲ.

ಇಂಥ ಸಂಪತ್ತಿನ ಸಂಗ್ರಹಕ್ಕೆ ನಮ್ಮ ನೆರೆಯವರು ದಾರಿ ಹಾಕಿಕೊಟ್ಟಿದ್ದಾರೆ. ಭೀಮಾತೀರದ ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡನ್ನು ಹೊರತಂದಾಗ ಕೂಸಿನ ಮೇಲಿನ ಹಾಡುಗಳಿಗೆ ಅದರಲ್ಲಿ ಮನ್ನಣೆಯ ಸ್ಥಾನ ದೊರೆಯಿತು. ಹಾಡುಗಳನ್ನು ಬರೆದಿಟ್ಟಷ್ಟು ಆಟಗಳನ್ನು ಬರೆದಿಟ್ಟಿಲ್ಲ. ಸೊಲ್ಲಾಪುರದಲ್ಲಿ 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕೂಡಿತು. ಈ ಊರಿನ ಮಗಳು ಜಯದೇವಿತಾಯಿ ಲಿಗಾಡೆಯವರು ಇಲ್ಲಿಯ ಕನ್ನಡಕ್ಕಾಗಿ ಜೀವ ತೇಯ್ದು 1974ರಲ್ಲಿ ಮಂಡ್ಯದ ಸಮ್ಮೇಳನಕ್ಕೆ ಅಧ್ಯಕ್ಷೆಯಾದರು. ಇಷ್ಟೆಲ್ಲ ಆದರೂ ಕನ್ನಡ ಶಾಲೆಯ ಚಿಂತೆ ಒಂದನೆಯ ಇಯತ್ತೆಯಿಂದ ಕೆಳಗೆ ಇಳಿಯಲಿಲ್ಲ.

ಪರಿಣಾಮವನ್ನು ಅಕ್ಕಲಕೋಟೆಯಲ್ಲಿ ಕಾಣಬಹುದು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1960ರಿಂದ ತಾಲೂಕು ಮಹಾರಾಷ್ಟ್ರದಲ್ಲಿದೆ. ಇಲ್ಲಿಯೂ ದಕ್ಷಿಣ ಸೊಲ್ಲಾಪುರದಲ್ಲಿಯೂ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ನಡೆದಿವೆ. ಅಂಗನವಾಡಿಯ ದಫ್ತರು ಮರಾಠಿಯದು, ತಕ್ತೆಯ ಅಕ್ಷರ ಮರಾಠಿಯದು, ಕಲಿಸುವ ಬಾಲಗೀತ ಬಹುತೇಕ ಮರಾಠಿಯದು. ಆದರೆ ಕಾರ್ಯಕರ್ತೆ ಅದೇ ಊರಿನವಳಿರಬೇಕೆಂಬುದು ಯೋಜನೆಯ ನಿಯಮ. ಹೀಗಾಗಿ ಕನ್ನಡದ ಊರಿನಲ್ಲಿ ಅವಳು ತಕ್ತೆಯನ್ನು ಮರಾಠಿಯಲ್ಲಿ ಓದಿ, ಮಗುವಿನ ಮೂಗು ಒರೆಸುವುದನ್ನು ಕನ್ನಡದಲ್ಲಿ ಮಾಡುತ್ತಾಳೆ. ಕಾಯದೆ ಕೊಡದಿದ್ದುದನ್ನು ಈ ಒಂದು ನಿಯಮ ಕೊಟ್ಟಿದೆ. ಆರು ವರ್ಷಕ್ಕೆ ಆ ಮಗು ಕನ್ನಡ ಸಾಲೆಗೆ ಬಂದಾಗ ಪಾಲಕರು ಕೇಳುವ ಪ್ರಶ್ನೆ, "ಇಷ್ಟು ದಿನ ಅದನ್ನು ಕಲಿತಾನ, ಈಗ ಇದ್ಯಾಕ?" ಎಂಬುದು. ಅಲ್ಲಿಗೆ ಒಂದು ಹೆಸರು ನಮ್ಮ ಹಾಜರಿ ಪುಸ್ತಕದಿಂದ ಕಡಿಮೆಯಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಹಂತವೆಂದು ಎಣಿಸಿ, ಆಟದ ಮೂಲಕ ಕಲಿಕೆಯನ್ನೂ ಮನೆಮಾತನ್ನೂ ಎತ್ತಿಹಿಡಿದಿದೆ. ಆ ಮನೆಮಾತು ನಮ್ಮ ತಾಲೂಕಿನಲ್ಲಿ ಯಾವುದೆಂಬುದನ್ನು ಅಂಗನವಾಡಿಯ ಬಾಗಿಲಲ್ಲಿಯೇ ಕೇಳುವ ಅಧಿಕಾರ ಶಿಕ್ಷಕ ಸಂಘಕ್ಕೆ ಈಗ ಬಂದಿದೆ.

ಇದನ್ನು ಮರಾಠಿಯ ಮೇಲಿನ ದೂರೆಂದು ಯಾರೂ ಎಣಿಸಬಾರದು. ಮಕ್ಕಳು ಮರಾಠಿಯನ್ನು ಓಣಿಯಲ್ಲಿ ಆಡುತ್ತ ಕಲಿಯುತ್ತಾರೆ, ಮರಾಠಿ ಮಕ್ಕಳೂ ಹಾಗೆಯೇ ಕನ್ನಡವನ್ನು ಎತ್ತಿಕೊಳ್ಳುತ್ತಾರೆ. ಸಂಶೋಧಕರಿಗೆ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಚಿಣ್ಣಿದಾಂಡು ಮರಾಠಿಯವರ ವಿಟ್ಟಿದಾಂಡು. ಅದರಲ್ಲಿ ಮರಾಠಿ ಮಕ್ಕಳು ಎಣಿಸುವ ಹಳೆಯ ಕ್ರಮ 'ವಕಟ, ಲೆಂಡ, ಮುಂಡ, ನಾಲ' ಎಂದು. ಏಕ, ದೋನ, ತೀನ, ಚಾರ ಎಂಬುದು ಪಾಟಿಯ ಮೇಲೆ. ಬಯಲಿನಲ್ಲಿ ತೆಲುಗಿನ ಒಕಟಿ, ರೆಂಡು, ಮೂಡು, ನಾಲುಗುಗಳ ಮೊಮ್ಮಕ್ಕಳು. ನಾಲ್ಕರಲ್ಲಿ ನಮ್ಮದೂ ದನಿ ಕೇಳುತ್ತದೆ. ಯಾವ ಕಾಲದ ಯಾವ ಮಕ್ಕಳು ಯಾರಿಂದ ಇದನ್ನು ಪಡೆದರೋ, ತಾಮ್ರಪಟ ಬರೆದಿಟ್ಟಿಲ್ಲ. ಮೈಂದರಗಿ, ದುಧನಿ, ನಾಗಣಸೂರು, ಜೇವೂರುಗಳ ಮುದುಕರು ಚಿಕ್ಕಂದಿನಲ್ಲಿ ದಾಂಡಿನಿಂದ ಅಳೆಯುವಾಗ ಏನೆಂದು ಎಣಿಸುತ್ತಿದ್ದರೆಂಬುದನ್ನು ಆಯಾ ಊರಿನ ಶಿಕ್ಷಕರು ಕೇಳಿ, ಅವರು ಉಚ್ಚರಿಸಿದ ಹಾಗೆಯೇ ಬರೆದು ತಂದರೆ, ಮುಂದಿನ ಸಂಚಿಕೆಗೆ ಒಂದು ಪಟ್ಟಿ ಸಿದ್ಧವಾದೀತು.