ತಾಮ್ರಪಟದ ಮುದ್ರೆಯೂ ಜಾಲತಾಣದ ಮುದ್ರೆಯೂ

ಬಳ್ಳಾರಿ ನಗರದ ಉತ್ತರಕ್ಕಿರುವ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳ ಗ್ರಾಮಗಳಲ್ಲಿ ಅಶೋಕಚಕ್ರವರ್ತಿಯ ಕಿರುಶಿಲಾಶಾಸನಗಳು 1977-78ರ ಸುಮಾರಿಗೆ ಬೆಳಕಿಗೆ ಬಂದುವಷ್ಟೆ. ಅವುಗಳಲ್ಲಿ ರಾಜನ ಹೆಸರೇ ಕೆತ್ತಿರುವುದು ವಿದ್ವಾಂಸರಿಗೆ ವಿದಿತವಾದ ಸಂಗತಿ. ಬಲ್ಲಕುಂದೆನಾಡನ್ನಾಳಿದ ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿಯೂ ಹನ್ನೆರಡನೆಯ ಶತಮಾನದ ಶಿಲಾಲೇಖಗಳುಂಟು. ಇವೆಲ್ಲವೂ ಜನರು ಕಾಣಲೆಂದೇ ಬರೆಸಿದವು. ಇವುಗಳಲ್ಲಿ ಮರೆಮಾಡತಕ್ಕದ್ದೇನೂ ಇರಲಿಲ್ಲ. ಆದರೂ ಇದು ಯಾರ ಮಾತು, ನಡುವೆ ಯಾರಾದರೂ ತಿದ್ದಿರುವರೋ ಎಂಬ ಎರಡು ಶಂಕೆಗಳಿಗೆ ಪರಿಹಾರವು ಬೇಕಾಗಿದ್ದಿತು. 1892ರಲ್ಲಿ ರೈಸ್ ಸಾಹೇಬರು ಕಂಡುಹಿಡಿದ ಬ್ರಹ್ಮಗಿರಿಯ ಶಾಸನವು ಇದಕ್ಕೆ ಉತ್ತಮ ನಿದರ್ಶನ. ಆಜ್ಞೆಯು ಸುವರ್ಣಗಿರಿಯ ಆರ್ಯಪುತ್ರನಿಂದಲೂ ಮಹಾಮಾತ್ರರಿಂದಲೂ ಇಸಿಲದ ಮಹಾಮಾತ್ರರಿಗೆ ಬಂದಿತೆಂದು ಅದು ಪರಂಪರೆಯನ್ನು ಹೇಳುತ್ತದೆ. ಕೊನೆಯಲ್ಲಿ ಲಿಪಿಕಾರನಾದ ಚಪಡನ ಹೆಸರೂ ಇದೆ. ಶಿಲೆಯನ್ನು ಅದರ ಭಾರವೇ ಕಾಯುತ್ತಿದ್ದಿತು. ಕೈಯಿಂದ ಕೈಗೆ ಸಾಗುವ ತಾಮ್ರಪಟಕ್ಕಾದರೋ ಬಳೆಯೂ ರಾಜಮುದ್ರೆಯೂ ಅವಶ್ಯವಾದುವು.

ಈಗ ಶಾಸನಪಾಠಗಳನ್ನು ಜಾಲತಾಣಗಳಲ್ಲಿ ಪ್ರಕಟಿಸುವ ರೂಢಿಯುಂಟು. ಇವುಗಳಲ್ಲಿ ಅನೇಕವು ಸ್ಥಿರಪುಟಗಳು, ಎಂದರೆ ಬರೆದಿಟ್ಟಂತೆಯೇ ಎಲ್ಲ ಓದುಗರಿಗೂ ಒಂದೇ ವಿಧವಾಗಿ ದೊರೆಯುವಂಥವು. ಓದುಗನಿಂದ ಗುಟ್ಟಿನ ಮಾತೇನನ್ನೂ ಕೇಳದ ಇಂತಹ ಪುಟಕ್ಕೆ ಗೂಢಲಿಪಿಯ ಸಂಪರ್ಕವೇಕೆ ಎಂದು ಆಕ್ಷೇಪಿಸುವವರುಂಟು. ಆಕ್ಷೇಪವು ಮೇಲ್ನೋಟಕ್ಕೆ ಸಾಧುವಾಗಿ ತೋರಿದರೂ ನಿಲ್ಲತಕ್ಕದ್ದಲ್ಲ. ಪುಟವು ತನಗೆ ಆಶ್ರಯವಿತ್ತ ಗಣಕಯಂತ್ರದಿಂದ ಕುರುಗೋಡಿನ ಓದುಗನನ್ನು ಸೇರುವಷ್ಟರಲ್ಲಿ ಹಲವು ಮಧ್ಯವರ್ತಿಗಳನ್ನು ದಾಟಬೇಕು. 2015ರಲ್ಲಿ ಬೆಂಗಳೂರಿನ ತಂತ್ರಜ್ಞನೊಬ್ಬನು, ತನ್ನ ತಾಣದ ಪುಟವು ಮೊಬೈಲ್ ಜಾಲವೊಂದರ ಮೂಲಕ ಬಂದಾಗ ತಾನು ಬರೆಯದ ಸಂಕೇತಪಂಕ್ತಿಗಳು ಅದರೊಳಗೆ ಸೇರಿರುವುದನ್ನು ಕಂಡು ಲೋಕಕ್ಕೆ ತಿಳಿಸಿದನು. (ಅದಕ್ಕಾಗಿ ಅವನಿಗೆ ವಕೀಲರ ನೋಟೀಸು ಬಂದುದು ವಿಚಿತ್ರವೇ ಸರಿ.) ಗ್ರಂಥಸಂಪಾದನ ಮಾಡುವವರು ಇದನ್ನು ಬೇರೆ ಹೆಸರಿನಿಂದ ಬಲ್ಲರು, ಇದು ಪ್ರಕ್ಷೇಪವೇ. ಓಲೆಯ ಪ್ರತಿಗಳಲ್ಲಿ ಪ್ರಕ್ಷೇಪವು ತಲೆಮಾರುಗಳ ಮೇಲೆ ನುಸುಳುತ್ತಿದ್ದಿತು, ಇಲ್ಲಿ ಕ್ಷಣಾರ್ಧದಲ್ಲಿ ನುಸುಳಿತು. ಗೂಢಸಂಪರ್ಕವಿದ್ದಲ್ಲಿ ನಡುವಿನವನು ಪುಟವನ್ನು ಓದಲಾರನು. ಒಂದಕ್ಷರವನ್ನು ಕದಲಿಸಿದರೂ ಬ್ರೌಸರಿಗೆ ಅದು ತಿಳಿಯುತ್ತದೆ.

ಇದರ ಚರಿತ್ರೆಯು ಹಳೆಯದಲ್ಲ. ಒಂದು ಕೀಲಿಯನ್ನು ಬಹಿರಂಗಪಡಿಸಿ ಮತ್ತೊಂದನ್ನು ಗುಪ್ತವಾಗಿರಿಸಿಕೊಳ್ಳುವ ಕ್ರಮವನ್ನು ಡಿಫಿ, ಹೆಲ್ಮನ್ ಎಂಬುವರು 1976ರಲ್ಲಿ ಪ್ರತಿಪಾದಿಸಿದರು. ನೆಟ್‌ಸ್ಕೇಪ್ ಸಂಸ್ಥೆಯು 1995ರಲ್ಲಿ ಇದನ್ನು ಜಾಲಕ್ಕೆ ಅಳವಡಿಸಿತು. 1999ರಲ್ಲಿ ಟಿಎಲ್‌ಎಸ್ ಎಂಬ ಹೆಸರಾಯಿತು, ಅದರ 1.3ನೆಯ ಪಾಠವು 2018ರದು. ತಾಣದ ಹೆಸರಿಗೂ ಕೀಲಿಗೂ ಇರುವ ಸಂಬಂಧವನ್ನು ಪ್ರಮಾಣಾಧಿಕಾರಿಯು ಪತ್ರಮುಖೇನ ದೃಢೀಕರಿಸಬೇಕು. ಆ ಅಧಿಕಾರಿಯನ್ನು ಇನ್ನೊಬ್ಬನು ದೃಢೀಕರಿಸಿರುವನು. ಹೀಗೆ ಬ್ರೌಸರು ಮೊದಲೇ ನಂಬಿರುವ ಮೂಲದವರೆಗೆ ಸರಣಿಯು ಸಾಗುತ್ತದೆ. ಸುವರ್ಣಗಿರಿಯಿಂದ ಇಸಿಲಕ್ಕೆ ಬಂದ ಕ್ರಮವನ್ನು ಇಲ್ಲಿ ಸ್ಮರಿಸಬಹುದು.

ಹಿಂದೆ ಈ ಪತ್ರಕ್ಕೆ ವರ್ಷವರ್ಷವೂ ಹಣ ತೆರಬೇಕಾಗಿದ್ದುದರಿಂದ ಬಡ ಪ್ರಕಾಶಕರು ಹಿಂಜರಿದರು. 2015ರಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಪ್ರಮಾಣಾಧಿಕಾರವು ಉಚಿತವಾಗಿ ಕೊಡತೊಡಗಿತು. ತಾಣದಲ್ಲಿ ತಾನು ಹೇಳಿದ ಗುರುತನ್ನು ಇಡಿಸಿ, ಹೆಸರು ಕೇಳುವವನ ವಶದಲ್ಲಿಯೇ ಇರುವುದೆಂದು ಪರೀಕ್ಷಿಸಿ, 90 ದಿನಗಳ ಅವಧಿಗೆ ಪತ್ರವನ್ನು ನೀಡಿತು. ನವೀಕರಣವನ್ನು ಯಂತ್ರವೇ ಮಾಡಿಕೊಳ್ಳುವ ಏರ್ಪಾಡು. 2018ರ ಮೇ ತಿಂಗಳಿನಿಂದ ಗಿಟ್‌ಹಬ್ ಸಂಸ್ಥೆಯು ತನ್ನಲ್ಲಿ ಇರಿಸಿದ ಸ್ಥಿರತಾಣಗಳಿಗೆ, ಒಡೆಯನು ಸ್ವಂತ ಹೆಸರನ್ನಿಟ್ಟುಕೊಂಡಿದ್ದರೂ, ಈ ಪತ್ರವನ್ನು ತಾನೇ ತರಿಸಿಕೊಡತೊಡಗಿತು. ಅದೇ ಜುಲೈಯಲ್ಲಿ ಕ್ರೋಮ್ ಬ್ರೌಸರು ಮುದ್ರೆಯಿಲ್ಲದ ತಾಣಗಳನ್ನೆಲ್ಲ ಸುರಕ್ಷಿತವಲ್ಲವೆಂದು ಗುರುತಿಸಲಾರಂಭಿಸಿತು. ಒಡೆಯನಿಗೆ ಉಳಿಯುವ ಕೆಲಸ ಸ್ವಲ್ಪವೇ: ಹಳೆಯ ವಿಳಾಸಕ್ಕೆ ಬಂದವರನ್ನು ಹೊಸ ವಿಳಾಸಕ್ಕೆ ತಿರುಗಿಸುವುದು, ಪುಟದೊಳಗಣ ಚಿತ್ರಗಳನ್ನೂ ಸುರಕ್ಷಿತ ವಿಳಾಸದಿಂದಲೇ ಕರೆಸುವುದು.

ಮುದ್ರೆಯೂ ಮೋಸಕ್ಕೀಡಾಗದಿರಲಿಲ್ಲ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಪ್ರಮಾಣಾಧಿಕಾರದಿಂದ ಗೂಗಲ್ ತಾಣಗಳ ಹೆಸರಿಗೆ ಅನಧಿಕೃತ ಪತ್ರಗಳು ಹೊರಟಿದ್ದುದು 2014ರ ಜುಲೈಯಲ್ಲಿ ಬಯಲಾಯಿತು, ಅವು ರದ್ದಾದುವು. ಹೊಸ ಪತ್ರಗಳೆಲ್ಲವೂ ಸಾರ್ವಜನಿಕ ದಫ್ತರದಲ್ಲಿ ದಾಖಲಾಗಬೇಕೆಂಬ ನಿಯಮವನ್ನು 2018ರಿಂದ ಕ್ರೋಮ್ ವಿಧಿಸಿತು. ಗಂಗರ ತಾಮ್ರಪಟಗಳಲ್ಲಿ ಅನೇಕವನ್ನು ಫ್ಲೀಟ್ ಸಾಹೇಬರು ಕೂಟಶಾಸನಗಳೆಂದು ತಳ್ಳಿಹಾಕಿದುದು ಪ್ರಸಿದ್ಧವಷ್ಟೆ; ಅವರು ಪರಿಶೀಲಿಸಿದುದು ಮುದ್ರೆಯನ್ನು ಮಾತ್ರವಲ್ಲ, ಲಿಪಿಯನ್ನೂ ಕಾಲಗಣನೆಯನ್ನೂ. ಕುರುಗೋಡಿನ ಶಾಸನದ ಅಕ್ಷರವೊಂದನ್ನು ಸಂಪಾದಕನು ತಪ್ಪಾಗಿ ಓದಿ ಪ್ರಕಟಿಸಿದ್ದರೆ, ಗೂಢಸಂಪರ್ಕವು ಆ ತಪ್ಪನ್ನೇ ಒಂದಿಷ್ಟೂ ಕೆಡದಂತೆ ಸಿರುಗುಪ್ಪದ ಓದುಗನಿಗೆ ಮುಟ್ಟಿಸುತ್ತದೆ.